ಹಳಿಯಾಳ ಸೀಮೆಯಲ್ಲಿ ಹೆರಿಗೆಯ ತಿಳಿವಳಿಕೆ ಮತ್ತು ವಿದ್ಯಾರ್ಥಿ ಸೇವೆ

1930ರ ಜೂನ್ ತಿಂಗಳಲ್ಲಿ ಮೈಸೂರು ಸಂಸ್ಥಾನವು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿದಾಗ, ಸರ್ಕಾರವೇ ಇಂಥ ಕೆಲಸಕ್ಕೆ ಮುಂದಾದದ್ದು ಜಗತ್ತಿನಲ್ಲಿಯೇ ಮೊದಲೆಂಬ ಹೆಸರು ಅದಕ್ಕೆ ಬಂದಿತು. ಆದರೆ 1862ರಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡದ ಹಳಿಯಾಳ, ಸೂಪಾ, ಮುಂಡಗೋಡ ಭಾಗಗಳಿಗೆ ಆ ಆದೇಶದ ನೆರಳೂ ತಾಗಲಿಲ್ಲ. ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆ ಅವರು 1921ರಲ್ಲಿಯೇ ಸಲಹಾ ಕೇಂದ್ರವನ್ನು ತೆರೆದು, 1927ರಿಂದ 'ಸಮಾಜಸ್ವಾಸ್ಥ್ಯ' ಎಂಬ ಮರಾಠಿ ಮಾಸಪತ್ರಿಕೆಯನ್ನು ನಡೆಸಿದರಾದರೂ, ಅಕ್ಷರ ಬಲ್ಲವರ ಆ ಚರ್ಚೆ ಕಾಳಿ ನದಿಯ ಕಾಡಿನೊಳಗಣ ಸಿದ್ದಿ, ಕುಣಬಿ, ಗೌಳಿ ಸಮುದಾಯಗಳ ಕೇರಿಗಳವರೆಗೆ ಬರುವ ದಾರಿಯಿರಲಿಲ್ಲ.

ಆ ಕೇರಿಗಳಲ್ಲಿ ಬಸುರಿ-ಬಾಣಂತಿಯರಿಗೆ ಆಸರೆಯಾಗಿದ್ದವಳು ಸೂಲಗಿತ್ತಿ, ಎಂದರೆ ಅನುಭವದಿಂದಲೇ ಹೆರಿಗೆ ಮಾಡಿಸಲು ಕಲಿತ ಊರಿನ ಹಿರಿಯ ಹೆಂಗಸು. ನೋವು ತಿನ್ನುವವಳಿಗೆ ಅವಳು ಕೊಡುತ್ತಿದ್ದ ಧೈರ್ಯ, ಬಾಣಂತಿಗೂ ಮಗುವಿಗೂ ಎಣ್ಣೆ ತಿಕ್ಕಿ ಎರೆಯುತ್ತಿದ್ದ ಬಿಸಿನೀರು, ಇವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಹೆರಿಗೆಯ ನಂತರ ರಕ್ತ ನಿಲ್ಲದೆ ಹೋದಾಗ ಅವಳ ಕೈಯಲ್ಲಿ ಮದ್ದಿರಲಿಲ್ಲ. ಶುದ್ಧಗೊಳಿಸದ ಅಲಗಿನಿಂದ ಹೊಕ್ಕುಳಬಳ್ಳಿ ಕೊಯ್ದಾಗ ಹಸುಗೂಸಿಗೆ ಧನುರ್ವಾಯು ತಗಲುವ ಅಪಾಯವಿತ್ತು. ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಹತೋಟಿಗೆ ತಂದಿತೆಂದು ಘೋಷಣೆಯಾದದ್ದು 2015ರಲ್ಲಿ, ಅಂದರೆ ತೀರ ಈಚೆಗೆ.

1952ರಲ್ಲಿ ಆರಂಭವಾದ ರಾಷ್ಟ್ರೀಯ ಕುಟುಂಬ ಯೋಜನೆ ಕೆಂಪು ತ್ರಿಕೋನದ ಗುರುತಿನೊಂದಿಗೆ ಹಳ್ಳಿಯ ಗೋಡೆಗಳನ್ನು ಮುಟ್ಟಿತು. ಆದರೆ ಅದು ಹೆಣ್ಣಿನ ಮನಸ್ಸನ್ನು ಕೇಳುವ ಬದಲು ಸಂಖ್ಯೆಯ ಗುರಿಯನ್ನು ಬೆನ್ನಟ್ಟಿತು. ತುರ್ತುಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಬಲವಂತದವು ಎಷ್ಟೋ ಇದ್ದುದರಿಂದ ಸರ್ಕಾರಿ ಆರೋಗ್ಯ ಕಾರ್ಯಕರ್ತೆಯನ್ನು ಕಂಡರೆ ಜನ ಬಾಗಿಲು ಮುಚ್ಚುವಂತಾಯಿತು. ಜನಸಂಖ್ಯೆ ಮತ್ತು ಅಭಿವೃದ್ಧಿ ಕುರಿತ 1994ರ ಕೈರೋ ಸಮ್ಮೇಳನದ ನಂತರ, 1996ರಲ್ಲಿ, ಭಾರತವು ಮೇಲಿನಿಂದ ಹೇರುವ ಗುರಿಗಳನ್ನು ಕೈಬಿಟ್ಟಿತು.

ವಿದ್ಯಾರ್ಥಿಗಳ ಪಾತ್ರ ಮಹತ್ವ ಪಡೆಯುವುದು ಈ ಅಪನಂಬಿಕೆಯ ಹಿನ್ನೆಲೆಯಲ್ಲಿ. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ, ಎಂದರೆ ಎನ್‌ಎಸ್‌ಎಸ್, ವರ್ಷಕ್ಕೆ 120 ಗಂಟೆಗಳ ಸೇವೆಯನ್ನೂ ಹಳ್ಳಿಯಲ್ಲಿ ಏಳು ದಿನ ತಂಗುವ ವಿಶೇಷ ಶಿಬಿರವನ್ನೂ ರೂಢಿಗೆ ತಂದಿತು. ಮೊದಮೊದಲು ಅದರ ಒತ್ತು ಬರ, ಕೊಳೆ, ರೋಗಗಳ ವಿರುದ್ಧವಿತ್ತು; 1991ರಲ್ಲಿ ಏಡ್ಸ್ ಕುರಿತ ಕಾರ್ಯಕ್ರಮವು ವಿಶ್ವವಿದ್ಯಾಲಯಗಳನ್ನು ಹೊಕ್ಕ ಮೇಲೆ ಲೈಂಗಿಕತೆಯ ಮಾತನ್ನು ತರಗತಿಯಲ್ಲಿ ಬಾಯಿಬಿಟ್ಟು ಆಡುವಂತಾಯಿತು. ಅದಕ್ಕೂ ಮುಂಚೆಯೇ ವೈದ್ಯೆ-ಲೇಖಕಿ ಅನುಪಮಾ ನಿರಂಜನ ಅವರು 'ತಾಯಿ-ಮಗು', 'ದಾಂಪತ್ಯ ದೀಪಿಕೆ'ಯಂಥ ಪುಸ್ತಕಗಳಿಂದ ಆ ಮಾತಿಗೆ ಸಂಕೋಚವಿಲ್ಲದ ಕನ್ನಡವನ್ನು ಒದಗಿಸಿದ್ದರು.

ಆದರೆ ಈ ಸೀಮೆಯ ದಾಂಡೇಲಿ, ಜೋಯಿಡಾ ಕಡೆ ಕನ್ನಡವೊಂದೇ ಸಾಲದು. ಮನೆಮಾತು ಕೊಂಕಣಿ, ಮರಾಠಿ, ಉರ್ದು, ಮುಂಡಗೋಡದ ನಿರಾಶ್ರಿತರ ನೆಲೆಯಲ್ಲಿ ಟಿಬೆಟಿ. ಬಸುರಿಯ ಕೈಗೆ ಬರುವ ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ದಿನಾಂಕ, ಹೆರಿಗೆಯ ಅಂದಾಜು ದಿನ, ರಕ್ತದೊತ್ತಡ, ಹಿಮೋಗ್ಲೋಬಿನ್, ಚುಚ್ಚುಮದ್ದುಗಳನ್ನು ದಾಖಲಿಸುತ್ತಾರೆ; ಹಿಮೋಗ್ಲೋಬಿನ್ ಮುಂದೆ ಬರೆದ 8 ಎಂಬ ಅಂಕಿ ರಕ್ತಹೀನತೆಯ ಎಚ್ಚರಿಕೆಯೆಂದು ಅವಳದೇ ಮಾತಿನಲ್ಲಿ ತಿಳಿಸಬಲ್ಲ, ಅದೇ ಕೇರಿಯಲ್ಲಿ ಬೆಳೆದು ಕಾಲೇಜು ಸೇರಿದ ಹುಡುಗಿಯ ಸೇವೆಗೆ ಯಾವ ಭಿತ್ತಿಪತ್ರವೂ ಸಮನಲ್ಲ. ಗರ್ಭನಿರೋಧದ ವಿಷಯದಲ್ಲೂ ಕಾಪರ್-ಟಿ, ಮಾತ್ರೆ, ನಿರೋಧ್, 2017ರಲ್ಲಿ ಬಂದ 'ಅಂತರಾ' ಚುಚ್ಚುಮದ್ದು, ಇವುಗಳ ಅನುಕೂಲದ ಜೊತೆಗೆ ತೊಂದರೆಯನ್ನೂ ಹೇಳಿದಾಗಲೇ ಅದು ಆಯ್ಕೆಯಾಗುತ್ತದೆ.

ಆಯ್ಕೆಯ ಈ ಮಾತು ಗರ್ಭಪಾತಕ್ಕೂ ಸಲ್ಲುತ್ತದೆ: ವೈದ್ಯಕೀಯ ಗರ್ಭಪಾತ ಕಾಯ್ದೆಯ ಷರತ್ತುಗಳೊಳಗೆ ಗರ್ಭಪಾತ ಮಾಡಿಸಿಕೊಳ್ಳುವ, 18 ತುಂಬಿದ, ಸ್ವಸ್ಥಚಿತ್ತಳಾದ ಹೆಣ್ಣಿಗೆ ಅವಳ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. 1971ರಿಂದಲೂ ಕಾಯ್ದೆಯಲ್ಲಿರುವ ಈ ಮಾತನ್ನು ಈ ಸೀಮೆಯ ಪ್ರತಿ ಶಿಬಿರದಲ್ಲೂ ಗಟ್ಟಿಯಾಗಿ ಹೇಳಬೇಕು.