ಬೇಟೆಯ ಹಕ್ಕು, ನೆಲದ ಹೊಣೆ

ಜರ್ಮನಿಯಲ್ಲಿ ಬೇಟೆಯಾಡಬಯಸುವವನು ಬಂದೂಕನ್ನು ಹೆಗಲಿಗೇರಿಸಿ ಇಷ್ಟಬಂದ ಅರಣ್ಯವನ್ನು ಹೊಗುವಂತಿಲ್ಲ. ಶ್ರಮಸಾಧ್ಯವಾದ ಪರೀಕ್ಷೆಯೊಂದರಲ್ಲಿ ಉತ್ತೀರ್ಣನಾಗಿ, ಸರ್ಕಾರದ ಪರವಾನಗಿಯನ್ನು ಪಡೆದ ಮೇಲೆಯೂ ಅವನು ಸಾಕಷ್ಟು ವಿಸ್ತಾರವಾದ ಸ್ವಂತ ಭೂಮಿಯುಳ್ಳವನಲ್ಲದಿದ್ದರೆ, ಯಾವುದಾದರೊಂದು ಗ್ರಾಮದ ಭೂಮಾಲೀಕರಿಂದ ಅಲ್ಲಿಯ ಬೇಟೆಯನ್ನು ಗುತ್ತಿಗೆ ಹಿಡಿಯಬೇಕು, ಇಲ್ಲವೆ ಹಾಗೆ ಹಿಡಿದವನ ಅನುಮತಿಯನ್ನು ಬೇಡಬೇಕು. ಗ್ರಾಮದ ಸಣ್ಣ ಹಿಡುವಳಿದಾರನ ಬಳಿಗೆ ಪಟ್ಟಣದ ಶ್ರೀಮಂತನು ಹೀಗೆ ಕರಾರುಪತ್ರ ಹಿಡಿದು ಬರುವ ಈ ಪದ್ಧತಿಯು ಶತಮಾನಗಳ ಅನ್ಯಾಯವನ್ನು ತೊಡೆಯಲೆಂದು ಹುಟ್ಟಿದ್ದು.

ಮಧ್ಯಯುಗದಿಂದ ಮೊದಲ್ಗೊಂಡು ಮೃಗಯೆಯು ಅಲ್ಲಿಯ ಅರಸರ ಮತ್ತು ಸಾಮಂತರ ವಿಶೇಷಾಧಿಕಾರವಾಗಿತ್ತು. ಉತ್ತು ಬಿತ್ತಿದ ಹೊಲ ರೈತನದೇ ಆಗಿದ್ದರೂ, ಆ ಹೊಲವನ್ನು ಮೇಯುವ ಜಿಂಕೆಯನ್ನಾಗಲಿ, ಅಗೆದು ಹಾಳುಮಾಡುವ ಕಾಡುಹಂದಿಯನ್ನಾಗಲಿ ಕೊಲ್ಲುವ ಅಧಿಕಾರ ಅವನಿಗಿರಲಿಲ್ಲ. ಪ್ರಭುವಿನ ಬೇಟೆಯ ದಿನ ಮೃಗಗಳನ್ನು ಎಬ್ಬಿಸಿ ಅಟ್ಟುವ ಬಿಟ್ಟಿಕೆಲಸ ಮಾತ್ರ ಅವನ ಪಾಲಿಗೆ ತಪ್ಪದೆ ಬರುತ್ತಿತ್ತು. 1525ರ ರೈತಯುದ್ಧದ ಕಾಲದಲ್ಲಿ ಮೆಮ್ಮಿಂಗೆನ್ ಪಟ್ಟಣದಲ್ಲಿ ರಚಿತವಾದ ಹನ್ನೆರಡು ಬೇಡಿಕೆಗಳಲ್ಲಿ ನಾಲ್ಕನೆಯದು ಈ ಸಂಕಟವನ್ನೇ ಕುರಿತದ್ದು. ಆ ದಂಗೆಯನ್ನು ರಕ್ತದಲ್ಲಿ ಮುಳುಗಿಸಲಾಯಿತೇ ಹೊರತು ಸಂಕಟ ಶಮನಗೊಳ್ಳಲಿಲ್ಲ. 1790ರಲ್ಲಿ ಸ್ಯಾಕ್ಸನಿಯ ರೈತರು ಮತ್ತೆ ಸಿಡಿದೆದ್ದಾಗಲೂ ಮೃಗಗಳಿಂದಾದ ಬೆಳೆಹಾನಿಯೇ ಆ ಕ್ರೋಧದ ಕಿಡಿಯಾಯಿತು.

ಬಿಡುಗಡೆ ದೊರೆತದ್ದು 1848ರ ಕ್ರಾಂತಿಯಲ್ಲಿ. ಅದೇ ವರ್ಷದ ಅಕ್ಟೋಬರ್ 31ರಂದು ಜರ್ಮನ್ ರಾಜ್ಯಗಳಲ್ಲೊಂದಾದ ಪ್ರಷ್ಯವು, ಪರರ ಭೂಮಿಯಲ್ಲಿ ಬೇಟೆಯಾಡುವ ಪ್ರಭುಗಳ ಹಕ್ಕನ್ನು ಯಾವ ಪರಿಹಾರವನ್ನೂ ಕೊಡದೆ ರದ್ದುಗೊಳಿಸಿತು. ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟಿನ ರಾಷ್ಟ್ರಸಭೆಯು ಬೇಟೆಯ ಹಕ್ಕು ಭೂಸ್ವಾಮ್ಯದಲ್ಲಿಯೇ ಅಡಗಿದೆಯೆಂಬ ತತ್ತ್ವವನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಆದರೆ ಬಹುಕಾಲ ಅದುಮಿಟ್ಟ ರೋಷವು ಒಮ್ಮೆಗೇ ಹರಿದುದರಿಂದ, ಅಂಗೈಯಗಲ ನೆಲವುಳ್ಳವನೂ ಬಂದೂಕನ್ನೆತ್ತಿಕೊಂಡು ಹೊರಟು, ಅನೇಕ ಪ್ರಾಂತಗಳಲ್ಲಿ ಮೃಗಸಂತತಿಯು ಕೆಲವೇ ಋತುಗಳಲ್ಲಿ ಕ್ಷೀಣಿಸಿತು. ಒಬ್ಬನ ಪೊದೆಯಲ್ಲಿ ಮಲಗಿ, ಇನ್ನೊಬ್ಬನ ಪೈರನ್ನು ಮೇದು, ಮೂರನೆಯವನ ತೊರೆಯಲ್ಲಿ ನೀರು ಕುಡಿಯುವ ಜಿಂಕೆಯನ್ನು ಹೊಲಗಳ ಬದುಗಳಂತೆ ಹಂಚಿಕೊಳ್ಳಲಾಗದೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಈ ತೊಡಕಿಗೆ ಪ್ರಷ್ಯದ ಶಾಸನಕರ್ತರು 1850ರ ಮಾರ್ಚ್ 7ರ ಕಾಯಿದೆಯಲ್ಲಿ ಕಂಡುಕೊಂಡ ಪರಿಹಾರವು ನ್ಯಾಯಬುದ್ಧಿಯ ಒಂದು ಉತ್ತಮ ನಿದರ್ಶನ. ಹಕ್ಕನ್ನು ಪ್ರಭುಗಳಿಗೆ ಮರಳಿಸದೆ, ಅದನ್ನು ಚಲಾಯಿಸುವ ರೀತಿಯನ್ನು ಮಾತ್ರ ಅವರು ಕಟ್ಟುಪಾಡಿಗೆ ಒಳಪಡಿಸಿದರು. ಒಂದೇ ಹರಹಿನಲ್ಲಿ 300 ಮಾರ್ಗೆನ್, ಎಂದರೆ ಸುಮಾರು 75 ಹೆಕ್ಟೇರು ನೆಲವುಳ್ಳವನು ತಾನೇ ಬೇಟೆಯಾಡಬಹುದು. ಅದಕ್ಕಿಂತ ಕಡಿಮೆಯುಳ್ಳವರ ಭೂಮಿಗಳೆಲ್ಲವೂ ಕೂಡಿ ಗ್ರಾಮದ ಸಾಮಾನ್ಯ ಬೇಟೆವಲಯವಾಗತಕ್ಕದ್ದು. ಆ ವಲಯದ ಬೇಟೆಯನ್ನು ಗುತ್ತಿಗೆಗೆ ಕೊಟ್ಟು ಬಂದ ಹಣವನ್ನು ಅವರವರ ನೆಲದ ವಿಸ್ತಾರಕ್ಕನುಸಾರವಾಗಿ ಹಂಚಿಕೊಳ್ಳತಕ್ಕದ್ದು. ಹಿಂದೆ ತನ್ನ ಪೈರನ್ನು ಮೇಯಿಸಿಕೊಂಡು ಮೌನವಾಗಿರಬೇಕಾಗಿದ್ದ ರೈತನು ಹೀಗೆ ಬೇಟೆಗಾರನಿಗೆ ಷರತ್ತುಗಳನ್ನು ವಿಧಿಸುವವನಾದನು.

1934ರಲ್ಲಿ ನಾಜಿ ಸರ್ಕಾರವು ಬೇಟೆಯ ಆಡಳಿತವನ್ನೆಲ್ಲ ಕೇಂದ್ರದ ಕೈಗೆ ತೆಗೆದುಕೊಂಡಿತು. ಯುದ್ಧಾನಂತರ ಪಶ್ಚಿಮ ಜರ್ಮನಿಯು 1952ರಲ್ಲಿ ರಚಿಸಿದ ಕಾಯಿದೆಯಾದರೋ ಹಳೆಯ ತತ್ತ್ವವನ್ನು ಉಳಿಸಿಕೊಂಡು, ಅದಕ್ಕೆ ವನ್ಯಪಾಲನೆಯ ಕರ್ತವ್ಯವನ್ನು ಬಿಗಿಯಾಗಿ ಬೆಸೆಯಿತು. ಸಾಮಾನ್ಯ ವಲಯಕ್ಕೆ ಕನಿಷ್ಠ 150 ಹೆಕ್ಟೇರು ಇರಬೇಕು, ಆ ವಲಯದ ಭೂಮಾಲೀಕರೆಲ್ಲರೂ ಕೂಡಿದ ಸಂಘದ ನಿರ್ಣಯಕ್ಕೆ ಹಾಜರಿದ್ದ ಸದಸ್ಯರ ಬಹುಮತ ಮಾತ್ರ ಸಾಲದು, ಅವರ ನೆಲದ ವಿಸ್ತಾರದಲ್ಲಿಯೂ ಬಹುಮತ ಬೇಕು, ಗುತ್ತಿಗೆ ಬರೆಹದಲ್ಲಿರಬೇಕು. ಗುತ್ತಿಗೆಯ ಅವಧಿ ಒಂಬತ್ತು ವರ್ಷಗಳಿಗೆ ಕಡಿಮೆಯಾಗಿರಬಾರದೆಂಬ ಸೂಚನೆಯ ಹಿಂದೆ ಗಾಢವಾದ ವಿವೇಕವಿದೆ: ನಾಳೆ ಬಿಟ್ಟುಹೋಗುವವನು ಇರುವುದೆಲ್ಲವನ್ನೂ ಇಂದೇ ಸೂರೆಗೊಳ್ಳುವನು, ಬಹುಕಾಲ ನಿಲ್ಲುವವನು ಮರಿಗಳನ್ನು ಉಳಿಸುವನು. ಬೆಳೆಗೆ ಹಾನಿಯಾದರೆ ತೆರಬೇಕಾದ ಹೊಣೆ ಸಂಘದ್ದಾದರೂ, ಕರಾರಿನ ಮೂಲಕ ಗುತ್ತಿಗೆದಾರನೇ ಸಾಮಾನ್ಯವಾಗಿ ಅದನ್ನು ವಹಿಸಿಕೊಳ್ಳುವನು. ಹೀಗಾಗಿ ಮೃಗಗಳನ್ನು ಮಿತಿಮೀರಿ ಬೆಳೆಯಗೊಟ್ಟವನೂ ದಂಡ ತೆರುವನು.

ಈ ವ್ಯವಸ್ಥೆಗೂ ಪ್ರಶ್ನೆಗಳು ಎದುರಾಗದಿರಲಿಲ್ಲ. ಪ್ರಾಣಿವಧೆಗೆ ಅಂತಃಸಾಕ್ಷಿಯೊಪ್ಪದ ಭೂಮಾಲೀಕನು ತನ್ನ ನೆಲದಲ್ಲಿ ಪರರ ಬೇಟೆಯನ್ನು ಸಹಿಸಲೇಬೇಕೆ? 2012ರ ಜೂನ್ 26ರಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು, ಅಂಥವನನ್ನು ಬಲವಂತಪಡಿಸುವುದು ಅನ್ಯಾಯವೆಂದು ತೀರ್ಪಿತ್ತಿತು. ಮರುವರ್ಷವೇ ಜರ್ಮನಿಯು ಕಾಯಿದೆಯನ್ನು ತಿದ್ದಿತು.

ಬೇಟೆಯನ್ನು ಒಪ್ಪುವವರೂ ಒಪ್ಪದವರೂ ಈ ಚರಿತ್ರೆಯಿಂದ ಕಲಿಯತಕ್ಕದ್ದು ಒಂದಿದೆ. ವನ್ಯಜೀವಿಗಳ ಸುಖವನ್ನು ಒಬ್ಬರೂ ಅವುಗಳ ನಷ್ಟವನ್ನು ಇನ್ನೊಬ್ಬರೂ ಅನುಭವಿಸುವ ನಾಡಿನಲ್ಲಿ ರೈತನಿಗೂ ನೆಮ್ಮದಿಯಿಲ್ಲ, ಮೃಗಕ್ಕೂ ಆಯುಷ್ಯವಿಲ್ಲ. ಲಾಭವನ್ನೂ ಭಾರವನ್ನೂ ಒಂದೇ ಕರಾರಿನಲ್ಲಿ ಕಟ್ಟಿದಾಗಲೇ ಅರಣ್ಯಕ್ಕೂ ಹೊಲಕ್ಕೂ ನಡುವೆ ಬಾಳುವಂಥ ಒಡಂಬಡಿಕೆ ಏರ್ಪಡುವುದು.