ಎರವಲು ಆಟಗಾರನ ಅಲೆದಾಟ: ಸೆಬಾಸ್ಟಿಯನ್ ಅಬ್ರೆಯು ಮತ್ತು ಫುಟ್‌ಬಾಲ್ ವರ್ಗಾವಣೆಯ ಚರಿತ್ರೆ

ಉರುಗ್ವೆ ದೇಶದ ಮಿನಾಸ್ ಪಟ್ಟಣದಲ್ಲಿ 1976ರಲ್ಲಿ ಹುಟ್ಟಿದ ಸೆಬಾಸ್ಟಿಯನ್ ಅಬ್ರೆಯು ಹನ್ನೊಂದು ದೇಶಗಳ ಮೂವತ್ತು ಕ್ಲಬ್‌ಗಳಿಗೂ ಮಿಕ್ಕಿ ಆಡಿದವರು. ಅವರಿಗಿದ್ದ ‘ಎಲ್ ಲೋಕೊ’, ಅಂದರೆ ‘ಹುಚ್ಚ’, ಎಂಬ ಅಡ್ಡಹೆಸರನ್ನೇ ನೆಪವಾಗಿಸಿಕೊಂಡು, ಈ ಅಲೆದಾಟವನ್ನು ಒಂದೆಡೆ ನಿಲ್ಲಲಾರದ ಸ್ವಭಾವದ ಫಲವೆಂದು ವಿವರಿಸುವುದು ರೂಢಿಯಾಗಿಬಿಟ್ಟಿದೆ. ಆದರೆ ಅವರ ವೃತ್ತಿಜೀವನದ ಮೊದಲರ್ಧವನ್ನು ಕ್ರಮವಾಗಿ ನೋಡಿದರೆ, ಅಲ್ಲಿ ಆಟಗಾರನ ಚಾಪಲ್ಯಕ್ಕಿಂತ ಆಟವೆಂಬ ಕಸುಬಿನ ಕಾನೂನೇ ಹೆಚ್ಚು ಕೆಲಸ ಮಾಡಿರುವುದು ಕಾಣುತ್ತದೆ.

ಆ ಕಾನೂನಿನ ಮೂಲ ಇಂಗ್ಲೆಂಡಿನದು. ಹಣ ಪಡೆದು ಆಡುವುದನ್ನು 1885ರಲ್ಲಿ ಮಾನ್ಯ ಮಾಡಿದ ಅಲ್ಲಿನ ಫುಟ್‌ಬಾಲ್ ವ್ಯವಸ್ಥೆ, 1893ರ ಹೊತ್ತಿಗೆ ಆಟಗಾರನ ನೋಂದಣಿಯನ್ನು ಕ್ಲಬ್ಬಿನ ಸ್ವತ್ತಾಗಿಸಿ, ಕರಾರು ಮುಗಿದ ಮೇಲೂ ಕ್ಲಬ್ ಒಪ್ಪದೆ ಆತ ಬೇರೆಡೆ ಆಡುವಂತಿಲ್ಲ ಎಂಬ ನಿಯಮವನ್ನು ತಂದಿತು. ಮಾರಾಟವಾಗುವುದು ಮನುಷ್ಯನಲ್ಲ, ನೋಂದಣಿ ಮಾತ್ರ ಎಂಬ ವಾದವಿತ್ತಾದರೂ, ನೋಂದಣಿ ಹೋದಲ್ಲಿಗೆ ಮನುಷ್ಯನೂ ಹೋಗಲೇಬೇಕಿತ್ತು. ನ್ಯೂಕಾಸಲ್ ಬಿಟ್ಟು ಹೊರಡಲು ಹೋರಾಡಿದ ಜಾರ್ಜ್ ಈಸ್ಟ್‌ಹ್ಯಾಮ್ ಪ್ರಕರಣದಲ್ಲಿ 1963ರಲ್ಲಿ ಬಂದ ತೀರ್ಪು ಈ ಹಿಡಿತವನ್ನು ಸಡಿಲಿಸಿತು. ಬೆಲ್ಜಿಯಂನ ಜಾನ್-ಮಾರ್ಕ್ ಬಾಸ್ಮನ್ ಹೂಡಿದ ದಾವೆಯಲ್ಲಿ ಯುರೋಪಿನ ನ್ಯಾಯಾಲಯ 1995ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪು, ಕರಾರು ಮುಗಿಸಿದ ಆಟಗಾರ ಯುರೋಪಿನ ಒಕ್ಕೂಟದೊಳಗೆ ವರ್ಗಾವಣೆ ಶುಲ್ಕವಿಲ್ಲದೆ ಹೋಗಬಹುದೆಂದು ಸಾರಿತು. ಹಾಗೆಂದು ಕರಾರಿನ ಅವಧಿಯೊಳಗೆ ಆಟಗಾರನನ್ನು ಮಾರುವ, ಎರವಲು ಕೊಡುವ ಪದ್ಧತಿಗಳು ನಿಲ್ಲಲಿಲ್ಲ.

ದಕ್ಷಿಣ ಅಮೆರಿಕದ ಕ್ಲಬ್‌ಗಳಿಗಂತೂ ಈ ವ್ಯಾಪಾರವೇ ಜೀವನಾಧಾರ. ಬೆಂಗಳೂರಿನ ಅರ್ಧದಷ್ಟೂ ಜನರಿಲ್ಲದ ಉರುಗ್ವೆ 1930 ಮತ್ತು 1950ರಲ್ಲಿ ವಿಶ್ವಕಪ್ ಗೆದ್ದ ದೇಶವಾದರೂ, ಅದರ ಚಿಕ್ಕ ಮಾರುಕಟ್ಟೆ ಒಳ್ಳೆಯ ಆಟಗಾರನನ್ನು ಬಹುಕಾಲ ಸಾಕಲಾರದು. ಮೊಂಟೆವಿಡಿಯೊದ ಡಿಫೆನ್ಸರ್ ಸ್ಪೋರ್ಟಿಂಗ್‌ನಲ್ಲಿ ಆಟ ಆರಂಭಿಸಿದ ಅಬ್ರೆಯು ಕೂಡ ಬೇಗನೆ ಅರ್ಜೆಂಟೀನಾದ ಸಾನ್ ಲೊರೆಂಜೊ ಸೇರಿ, ಅಲ್ಲಿಂದ 1998ರಲ್ಲಿ ಸ್ಪೇನಿನ ಡಿಪೋರ್ಟಿವೊ ಲಾ ಕೊರೂನಾಕ್ಕೆ ಹೋದರು. ಸ್ಪೇನಿನ ಲೀಗಿನಲ್ಲಿ ಆ ಕ್ಲಬ್ಬಿಗಾಗಿ ಅವರು ಆಡಿದ್ದು 15 ಪಂದ್ಯ, ಹೊಡೆದದ್ದು 3 ಗೋಲು. ತಂಡದಲ್ಲಿ ಜಾಗವಿಲ್ಲ, ಬಿಟ್ಟುಕೊಡಲು ಮನಸ್ಸೂ ಇಲ್ಲ ಎಂಬ ಸ್ಥಿತಿಯಲ್ಲಿ ಕ್ಲಬ್ ಹಿಡಿಯುವ ದಾರಿ ಎರವಲು. ಅಂದರೆ ನೋಂದಣಿಯ ಒಡೆತನ ಉಳಿಸಿಕೊಂಡು ಆಟಗಾರನನ್ನು ಗೊತ್ತಾದ ಅವಧಿಗೆ ಬೇರೆ ತಂಡಕ್ಕೆ ಕಳುಹಿಸುವುದು. ಬ್ರೆಜಿಲ್‌ನ ಗ್ರೆಮಿಯೊ, ಮೆಕ್ಸಿಕೊದ ಟೆಕೋಸ್, ಮತ್ತೆ ಸಾನ್ ಲೊರೆಂಜೊ, ತಾಯ್ನಾಡಿನ ನಾಸಿಯೊನಾಲ್ ಇವೆಲ್ಲ ಹೀಗೆ ಬಂದವೇ ಹೊರತು, ಊರು ಸುತ್ತುವ ಹಂಬಲದಿಂದ ಬಂದವಲ್ಲ.

ಇದಕ್ಕೆ ಜೊತೆಯಾದದ್ದು ಲ್ಯಾಟಿನ್ ಅಮೆರಿಕದ ಪಂದ್ಯಾವಳಿಗಳ ರಚನೆ. ಅರ್ಜೆಂಟೀನಾ ಮತ್ತು ಮೆಕ್ಸಿಕೊಗಳು 1990ರ ದಶಕದಲ್ಲಿ ವರ್ಷಕ್ಕೆ ಒಂದರ ಬದಲು ಎರಡು ಚಿಕ್ಕ ಪಂದ್ಯಾವಳಿ ನಡೆಸಿ ಇಬ್ಬರು ಚಾಂಪಿಯನ್ನರನ್ನು ಆರಿಸುವ ಕ್ರಮಕ್ಕೆ ಬಂದವು. ಆರಾರು ತಿಂಗಳ ಕರಾರು ಅಲ್ಲಿ ಸಹಜವಾಯಿತು. ಮೆಕ್ಸಿಕೊದ ಕ್ರೂಸ್ ಅಸೂಲ್ ತಂಡಕ್ಕಾಗಿ 2002ರ ಒಂದೇ ಪಂದ್ಯಾವಳಿಯಲ್ಲಿ 19 ಗೋಲು ಹೊಡೆದ ಅಬ್ರೆಯು, ಎತ್ತರದ ಮೈಕಟ್ಟಿನ, ತಲೆಯಿಂದ ಚೆಂಡು ಹೊಡೆಯುವುದರಲ್ಲಿ ಪಳಗಿದ ಮುಂಪಡೆಯ ಆಟಗಾರ. ಹೊಸ ತಂಡದ ಪಟ್ಟುಗಳನ್ನು ತಿಂಗಳುಗಟ್ಟಲೆ ಕಲಿಯುವ ಅಗತ್ಯ ಇಂಥವರಿಗೆ ಕಡಿಮೆ ಎಂಬುದೂ ಗಮನಾರ್ಹ. ಮೆಕ್ಸಿಕೊದ ಡೊರಾಡೋಸ್ ತಂಡದಲ್ಲಿ ಪೆಪ್ ಗಾರ್ಡಿಯೊಲಾ ಅವರ ಸಹ ಆಟಗಾರನಾಗಿ ಅವರು ಗೋಲುಗಳ ಮೇಲೆ ಗೋಲು ಹೊಡೆದರೂ, ಹಲವು ಋತುಗಳ ಅಂಕಗಳ ಸರಾಸರಿ ನೋಡಿ ಕೆಳದರ್ಜೆಗೆ ತಳ್ಳುವ ಅಲ್ಲಿನ ಅಂದಿನ ಪದ್ಧತಿಯಿಂದ ತಂಡವನ್ನು 2006ರಲ್ಲಿ ಉಳಿಸಿಕೊಳ್ಳಲಾಗಲಿಲ್ಲ.

ಅವರ ಕೀರ್ತಿಯ ವರ್ಷ 2010. ಗೋಲುಗಾರ ಒಂದು ಪಕ್ಕಕ್ಕೆ ಹಾರುವನೆಂದು ನಂಬಿ ಚೆಂಡನ್ನು ಗೋಲಿನ ನಡುವಿಗೆ ಮೆಲ್ಲಗೆ ಎತ್ತಿಹಾಕುವ ಪೆನಾಲ್ಟಿಗೆ, 1976ರ ಯುರೋಪಿಯನ್ ಫೈನಲ್‌ನಲ್ಲಿ ಹಾಗೆ ಹೊಡೆದು ಗೆಲ್ಲಿಸಿದ ಚೆಕೊಸ್ಲೊವಾಕಿಯದ ಆಂಟೊನಿನ್ ಪನೆಂಕಾ ಅವರ ಹೆಸರೇ ಅಂಟಿಕೊಂಡಿದೆ. ಅಬ್ರೆಯು ಅದನ್ನು ಏಪ್ರಿಲ್‌ನಲ್ಲಿ ಬ್ರೆಜಿಲ್‌ನ ಬೊಟಾಫೋಗೊ ಪರವಾಗಿ ಫ್ಲಮೆಂಗೊ ಎದುರು ಮರಕಾನಾದಲ್ಲಿ ಆಡಿ ರಿಯೊ ರಾಜ್ಯದ ಪ್ರಶಸ್ತಿ ತಂದರು. ಜುಲೈ 2ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಘಾನಾ ಎದುರಿನ ವಿಶ್ವಕಪ್ ಕ್ವಾರ್ಟರ್ ಫೈನಲ್‌ನ ಕೊನೆಯ ಪೆನಾಲ್ಟಿಯನ್ನೂ ಹಾಗೆಯೇ ಹೊಡೆದು, ಉರುಗ್ವೆಯನ್ನು 1970ರ ನಂತರ ಮೊದಲ ಬಾರಿಗೆ ಸೆಮಿಫೈನಲ್‌ಗೆ ಮುಟ್ಟಿಸಿದರು. ತಪ್ಪಿದ್ದರೆ ಅಡ್ಡಹೆಸರು ಬೈಗುಳವಾಗಿ ಉಳಿಯುತ್ತಿತ್ತು.

ಆ ಮೇಲಿನ ಪಯಣದ ಬಣ್ಣವೇ ಬೇರೆ. ಈಕ್ವೆಡಾರ್, ಪರಾಗ್ವೆ, ಎಲ್ ಸಾಲ್ವಡಾರ್‌ಗಳ ಕ್ಲಬ್‌ಗಳು ಅವರನ್ನು ಕರೆದದ್ದು ಗೋಲಿಗಾಗಿ ಎಷ್ಟೋ, ಹೆಸರಿಗಾಗಿಯೂ ಅಷ್ಟೇ. ಅಲೆದಾಟ ಈಗ ಹೇರಿಕೆಯಾಗಿರದೆ ಸ್ವತಃ ಮಾರಾಟಕ್ಕಿಟ್ಟ ಸರಕಾಗಿತ್ತು. ಚಿಲಿಯ ಆಡಾಕ್ಸ್ ಇಟಾಲಿಯಾನೊ ಸೇರಿದಾಗ ಅದು 26ನೆಯ ಕ್ಲಬ್ ಎಂದು ಎಣಿಕೆಯಾಗಿ, ಆರೂ ಖಂಡ ಒಕ್ಕೂಟಗಳಲ್ಲಿ ಆಡಿದ ಜರ್ಮನ್ ಗೋಲುಗಾರ ಲುಟ್ಸ್ ಫಾನೆನ್‌ಸ್ಟೀಲ್ ಅವರ ದಾಖಲೆ ಮುರಿದು ಗಿನ್ನೆಸ್ ಪುಸ್ತಕದಲ್ಲಿ ಸೇರಿತು. ಮತ್ತೆ ಮತ್ತೆ ಮರಳಿದ ನಾಸಿಯೊನಾಲ್‌ನಂಥ ಕ್ಲಬ್‌ಗಳನ್ನು ಒಂದೇ ಸಲ ಎಣಿಸುವುದರಿಂದ, ವರ್ಗಾವಣೆಗಳ ಸಂಖ್ಯೆ ಇದಕ್ಕಿಂತ ದೊಡ್ಡದು. ಅಬ್ರೆಯು 2021ರ ಜೂನ್‌ನಲ್ಲಿ, ತಮ್ಮ 44ನೆಯ ವಯಸ್ಸಿನಲ್ಲಿ, ಆಟ ಆರಂಭಿಸಿದ ಮೊಂಟೆವಿಡಿಯೊದ್ದೇ ಇನ್ನೊಂದು ಕ್ಲಬ್ ಸುದ್ ಅಮೆರಿಕಾದ ಅಂಗಿ ತೊಟ್ಟು ನಿವೃತ್ತರಾದರು.