ಮರದ ಬುಡದಿಂದ ಹೆದ್ದಾರಿಯ ಅಂಚಿಗೆ: ಕುಲಶೇಖರದ ಸುತ್ತಿನ ಗಡಂಗುಗಳ ಚರಿತ್ರೆ

ಮಂಗಳೂರಿನ ಇಗರ್ಜಿ, ದೇವಸ್ಥಾನ, ಬ್ಯಾಂಕು, ಬಂದರು, ಹೆಂಚಿನ ಕಾರ್ಖಾನೆಗಳ ಮೇಲೆ ಬೇಕಾದಷ್ಟು ಬರವಣಿಗೆ ಬಂದಿದೆ. ದುಡಿಮೆ ಮುಗಿಸಿದ ಜನ ಸಂಜೆ ಸೇರುತ್ತಿದ್ದ ಗಡಂಗು, ಅಂದರೆ ಕಳ್ಳಿನ ಅಂಗಡಿ, ಮಾತ್ರ ಅಬಕಾರಿ ಆದಾಯದ ಲೆಕ್ಕದಲ್ಲೋ ಪಾನನಿರೋಧದ ಭಾಷಣದಲ್ಲೋ ಒಮ್ಮೆ ಸುಳಿದು ಮರೆಯಾಗುತ್ತದೆ. ವೇಲ್ಸ್‌ಗೆ ಹೋಗಿಬಂದವರು ಅಲ್ಲಿನ ಹಳ್ಳಿಯ ಪಬ್ಬುಗಳನ್ನು ಮೆಚ್ಚಿ ವರ್ಣಿಸುತ್ತಾರೆ: ಬಾಗಿಲ ಮೇಲೆ ಹೆಸರು, ಚಿತ್ರ ಬರೆದ ಫಲಕ, ಒಳಗೆ ಬೆಂಕಿಗೂಡು, ಒಂದೇ ಕಟ್ಟಡದಲ್ಲಿ ತಲೆಮಾರುಗಳಿಂದ ನಡೆದುಬಂದ ವ್ಯಾಪಾರ. ನಮ್ಮ ಗಡಂಗಿಗೆ ಅಂಥ ಹೆಸರೂ ವಯಸ್ಸೂ ಏಕೆ ಕೂಡಿಬರಲಿಲ್ಲ ಎಂಬುದು ಈ ಲೇಖನದ ಪ್ರಶ್ನೆ. ಜನರ ಅಭಿರುಚಿಯಲ್ಲಿ ಇದಕ್ಕೆ ಉತ್ತರ ಸಿಗದು. ಕಳ್ಳಿನ ಗುಣವನ್ನೂ ಅದನ್ನು ಮಾರಲು ಸರಕಾರ ಹಾಕಿಕೊಟ್ಟ ಕ್ರಮವನ್ನೂ ಒಟ್ಟಿಗೆ ನೋಡಬೇಕು.

ಈ ನೋಟಕ್ಕೆ ಕುಲಶೇಖರ ಒಳ್ಳೆಯ ನೆಲೆ. ನಂತೂರು, ಬಿಕರ್ನಕಟ್ಟೆ ದಾಟಿ ಮೂಡುಬಿದಿರೆಯ ಕಡೆ ಏರುವ ರಸ್ತೆಯ ಮೇಲೆ ಈ ಊರಿದೆ. ಕೊಂಕಣಿಗರು ಕೊರ್ಡೆಲ್ ಎನ್ನುವ ಇಲ್ಲಿ ಪಾದ್ರಿ ಅಲೆಕ್ಸಾಂಡರ್ ದುಬೊಯ್ಸ್ 1873ರಲ್ಲಿ ಹೋಲಿ ಕ್ರಾಸ್ ಇಗರ್ಜಿಯನ್ನು ನೆಲೆಗೊಳಿಸಿದರು. ಕುಲಾಲ, ಅಂದರೆ ಕುಂಬಾರ, ಸಮಾಜದ ವೀರನಾರಾಯಣ ದೇವಸ್ಥಾನ ಇರುವುದೂ ಇಲ್ಲೇ. ಸುತ್ತಮುತ್ತ ಬಿಲ್ಲವರ ಮನೆಗಳು. ಕಳ್ಳಿನ ಲೋಕದಲ್ಲಿ ಈ ಮೂರು ಸಮುದಾಯಗಳ ಪಾಲು ಒಂದಕ್ಕೊಂದು ಹೆಣೆದುಕೊಂಡದ್ದು. ಬಿಲ್ಲವರ ಕಸುಬು ಮೂರ್ತೆ, ಅಂದರೆ ಮರದಿಂದ ಕಳ್ಳು ಇಳಿಸುವುದು. ಅದಕ್ಕೆ ಬೇಕಾದ ಮಡಕೆ ಬರುತ್ತಿದ್ದುದು ಕುಂಬಾರರ ಚಕ್ರದಿಂದ. ಕ್ಯಾಥೊಲಿಕ್ ಮನೆಗಳಲ್ಲಿ ಹಬ್ಬದ ಸಾನ್ನಾಂ ಎಂಬ ಅಕ್ಕಿಯ ತಿಂಡಿ ಉಬ್ಬುತ್ತಿದ್ದುದು ಹಿಟ್ಟಿಗೆ ಬೆರೆಸಿದ ಸುರ್, ಅಂದರೆ ಹೊಸ ಕಳ್ಳಿನಿಂದ. ಕಳ್ಳನ್ನು ಕುಡಿತಕ್ಕಷ್ಟೇ ಕಟ್ಟಿಹಾಕಿದ ಬರವಣಿಗೆ ಅಡುಗೆಮನೆಯ ಈ ಬಾಗಿಲನ್ನು ಮರೆತೇಬಿಟ್ಟಿದೆ.

ಮೂರ್ತೆಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಡಂಗಿನ ಸ್ವರೂಪ ನಿರ್ಧಾರವಾದದ್ದು ಅಲ್ಲಿ. ಇನ್ನೂ ಬಿರಿಯದ ತೆಂಗಿನ ಹೊಂಬಾಳೆಯನ್ನು ಹಗ್ಗದಿಂದ ಬಿಗಿಯಾಗಿ ಸುತ್ತಿ, ದಿನವೂ ಹದವಾಗಿ ಬಡಿದು ಬಡಿದು ಮೆತ್ತಗೆ ಮಾಡಬೇಕು. ಪೆಟ್ಟು ಜೋರಾದರೆ ಹೊಂಬಾಳೆ ಕೊಳೆಯುತ್ತದೆ, ಕಡಿಮೆಯಾದರೆ ರಸ ಬಿಡುವುದಿಲ್ಲ. ಹದ ಬಂದ ಮೇಲೆ ತುದಿಯನ್ನು ಹರಿತವಾದ ಕತ್ತಿಯಿಂದ ತೆಳ್ಳಗೆ ಕೆತ್ತಿ ಮಡಕೆ ಕಟ್ಟುತ್ತಾರೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮರ ಹತ್ತಿ ಮತ್ತೆ ತುದಿ ಕೆತ್ತಬೇಕು. ಇಲ್ಲದಿದ್ದರೆ ಗಾಯ ಒಣಗಿ ಹರಿವು ನಿಲ್ಲುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದರೆ ರಸ ಹುಳಿಯದೆ ಬೆಲ್ಲಕ್ಕೆ ಬರುತ್ತದೆ. ಬಳಿಯದಿದ್ದರೆ ಗಾಳಿಯ ಹುದುಗು ಸೇರಿ ಕೆಲವೇ ಗಂಟೆಗಳಲ್ಲಿ ಕಳ್ಳಾಗುತ್ತದೆ, ಮರುದಿನಕ್ಕೆ ಹುಳಿಗೆ ತಿರುಗುತ್ತದೆ. ಹೀಗಾಗಿ ಅದನ್ನು ಕೂಡಿಡುವಂತಿಲ್ಲ, ದೂರ ಸಾಗಿಸುವಂತಿಲ್ಲ. ಮರದಿಂದ ನಡೆದುಹೋಗುವಷ್ಟು ಹತ್ತಿರದಲ್ಲೇ, ಅಂದಂದೇ ಕುಡಿದು ಮುಗಿಸಬೇಕು. ಬಾರ್ಲಿಯ ಬಿಯರಿಗೆ ಹಾಪ್ ಎಂಬ ಹೂವು ಸೇರಿದ ಮೇಲೆ ಅದು ಪೀಪಾಯಿಯಲ್ಲಿ ವಾರಗಟ್ಟಲೆ ಉಳಿಯುತ್ತಿತ್ತು. ಪೀಪಾಯಿಗೆ ನೆಲಮಾಳಿಗೆ ಬೇಕಾಯಿತು, ನೆಲಮಾಳಿಗೆಗೆ ಗಟ್ಟಿ ಮನೆ. ಕಳ್ಳಿಗೆ ಒಂದು ಮಾಡು, ಒಂದು ಬೆಂಚು ಸಾಕಿತ್ತು.

1801ರಲ್ಲಿ ತುಳುನಾಡಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬಿಲ್ಲವರನ್ನು ಮರದಿಂದ ರಸ ಇಳಿಸಿ ಬೆಲ್ಲ ಕಾಯಿಸುವವರು, ಮದ್ಯ ಭಟ್ಟಿ ಇಳಿಸುವವರು ಎಂದು ದಾಖಲಿಸಿದ. ಇಳಿಸುವವನೂ ಮಾರುವವನೂ ಒಂದೇ ಮನೆಯವರಾಗಿದ್ದ ಕಾಲದ ಚಿತ್ರ ತುಳುವಿನ ಹಾಡುಗಥೆಗಳಾದ ಪಾಡ್ದನಗಳಲ್ಲಿದೆ. ಕೊರಗ ತನಿಯನ ಕಥೆಯಲ್ಲಿ ಅನಾಥ ಹುಡುಗನನ್ನು ಮನೆಗೆ ಕರೆದು ಸಾಕುವವಳು ಕಳ್ಳಿನ ವ್ಯವಹಾರ ನಡೆಸುತ್ತಿದ್ದ ಮೈರಕ್ಕ ಬೈದೆತಿ. ಮುಂದೆ ದೈವವಾದ ತನಿಯನಿಗೆ, ನಮ್ಮೆಲ್ಲರ ಕೊರಗಜ್ಜನಿಗೆ, ಇಂದಿಗೂ ಕಳ್ಳು, ಚಕ್ಕುಲಿ, ವೀಳ್ಯ ಸಲ್ಲುತ್ತದೆ. ಪಾಡ್ದನವನ್ನು ಇಸವಿ ಹಾಕಿದ ದಾಖಲೆಯಂತೆ ಓದಲಾಗದು. ಆದರೂ ಕಳ್ಳಿನ ಮನೆಗೆ ಹೆಂಗಸು ಯಜಮಾನಿ ಆಗಿರಬಹುದಿತ್ತು ಎಂಬುದನ್ನು ಈ ನೆಲದ ನೆನಪು ಸಹಜವೆಂದೇ ಇಟ್ಟುಕೊಂಡಿದೆ. ನನ್ನ ಮಟ್ಟಿಗೆ ಇದು ಯಾವ ಅಬಕಾರಿ ವರದಿಗೂ ಕಡಿಮೆಯಾದ ಸಾಕ್ಷ್ಯವಲ್ಲ.

ಮನೆಯ ಜಗಲಿಯಿಂದ ಕಳ್ಳನ್ನು ಕಿತ್ತು ಬೇರೆ ಕಡೆ ಕೂರಿಸಿದ್ದು ವಸಾಹತು ಆಡಳಿತ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1886ರ ಮದ್ರಾಸ್ ಅಬಕಾರಿ ಕಾಯ್ದೆ ಇಲ್ಲಿಗೂ ಬಂತು. ಪ್ರಾಂತ್ಯದಲ್ಲಿ ಬೇರೂರಿದ ಪದ್ಧತಿಯಂತೆ ಕಳ್ಳು ಇಳಿಸುವ ಮರಕ್ಕೆ ತೆರಿಗೆ ಬಿತ್ತು, ಮಾರುವ ಅಂಗಡಿ ಹರಾಜಿಗೆ ಬಿತ್ತು. ಹೆಚ್ಚು ಕೂಗಿದವನಿಗೆ ಅಂಗಡಿ. ಮರ ಹತ್ತುವವನು ಗುತ್ತಿಗೆದಾರನಿಗೆ ಕಳ್ಳು ಅಳೆದುಕೊಡುವ ಆಳಾದ. ಮುಂದಿನ ಹರಾಜಿನಲ್ಲಿ ಕೈತಪ್ಪಬಹುದಾದ ಅಂಗಡಿಗೆ ಕಲ್ಲಿನ ಗೋಡೆ ಯಾರು ಕಟ್ಟಿಸುತ್ತಾರೆ, ಹೆಸರಿನ ಫಲಕ ಯಾರು ಬರೆಸುತ್ತಾರೆ? ಗಡಂಗು ಮುಳಿಹುಲ್ಲಿನ ಗುಡಿಸಲಾಗಿ, ಊರಂಚಿನ ಅವಮಾನವಾಗಿ ಉಳಿದದ್ದರ ಹಿಂದೆ ಈ ಹರಾಜಿನ ಕೈವಾಡ ದೊಡ್ಡದು. ಬಡವರ ಜಾಗವೆಂದು ಅದನ್ನು ಹೀನಾಯವಾಗಿ ಕಂಡವರು ಈ ಕಾರಣವನ್ನು ನೋಡಲಿಲ್ಲ.

ಇದೇ ಹೊತ್ತಿಗೆ ಧರ್ಮದ ಕಡೆಯಿಂದಲೂ ಒತ್ತಡವಿತ್ತು. ಇಲ್ಲಿ ವೇಲ್ಸ್ ಮತ್ತು ಮಂಗಳೂರು ಅಕ್ಕಪಕ್ಕ ಬಂದು ನಿಲ್ಲುತ್ತವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ಕ್ರೈಸ್ತರಾದ ಬಿಲ್ಲವರು ಮೂರ್ತೆಯನ್ನು ಬಿಡಲೇಬೇಕೆಂದು ಪಟ್ಟುಹಿಡಿದರು. ಕಸುಬು ಬಿಟ್ಟವರಿಗೆ ಕೆಲಸ ಕೊಡಬೇಕಾದ ಹೊಣೆಯೇ ಮಿಷನ್ನಿನ ನೇಯ್ಗೆ ಶಾಲೆಗಳಿಗೂ 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಹೆಂಚಿನ ಕಾರ್ಖಾನೆಗೂ ಒಂದು ಕಾರಣವಾಯಿತು. ಮಂಗಳೂರಿನ ಕೆಂಪು ಹೆಂಚಿನ ಬೇರು ಹುಡುಕಿದರೆ ಒಂದು ಎಳೆ ಕಳ್ಳಿನ ಮರಕ್ಕೂ ಹೋಗುತ್ತದೆ. ಅತ್ತ ವೇಲ್ಸಿನ ಚಾಪೆಲ್ಲುಗಳ ಹೋರಾಟದಿಂದ 1881ರಲ್ಲಿ ಭಾನುವಾರ ಪಬ್ಬುಗಳನ್ನು ಮುಚ್ಚುವ ಕಾಯ್ದೆ ಬಂತು. ಆದರೆ ಮೂರು ಮೈಲಿಗೂ ದೂರದಿಂದ ಬಂದ ನಿಜವಾದ ಪ್ರಯಾಣಿಕನಿಗೆ ಆ ದಿನವೂ ಮದ್ಯ ಕೊಡಬಹುದಿತ್ತು. 1961ರಲ್ಲಿ ಈ ನಿರ್ಧಾರವನ್ನು ಆಯಾ ಜಿಲ್ಲೆಯ ಮತದಾರರಿಗೇ ಬಿಟ್ಟರು, ಏಳು ವರ್ಷಕ್ಕೊಮ್ಮೆ ಮತ ಕೇಳಿದರು. ಕೊನೆಯದಾಗಿ ಉಳಿದಿದ್ದ ದ್ವಿವೋರ್ ಜಿಲ್ಲೆ 1996ರಲ್ಲಿ ಬಾಗಿಲು ತೆರೆಯಿತು. ವಾರದ ಒಂದು ದಿನಕ್ಕಷ್ಟೇ ಬೀಗ ಬಿದ್ದ ಪಬ್ಬು ಉಳಿದ ಆರು ದಿನ ಬದುಕಿಕೊಂಡಿತು. ನಮ್ಮಲ್ಲಿ ಬೀಗ ಬಿದ್ದಾಗಲೆಲ್ಲ ಪೂರ್ತಿ ಬಿತ್ತು.

ಆ ಬೀಗದ ಹಿಂದೆ ಪ್ರಾಮಾಣಿಕವಾದ ನೋವಿತ್ತು ಎಂಬುದನ್ನು ಒಪ್ಪದೆ ಮುಂದೆ ಹೋಗಲಾಗದು. ಹೊಯಿಗೆಬಜಾರಿನ ಕೊರಗಪ್ಪನವರ ಮುಂದಾಳುತನದಲ್ಲಿ ಬಿಲ್ಲವರು ನಾರಾಯಣ ಗುರುಗಳನ್ನು ಕರೆತಂದು 1912ರಲ್ಲಿ ಕುದ್ರೋಳಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿಕೊಂಡರು. ಅದೇ ಗುರುಗಳು ಮುಂದೆ ತಮ್ಮ ಸಂದೇಶವೊಂದರಲ್ಲಿ ಮದ್ಯವನ್ನು ವಿಷವೆಂದು ಕರೆದು, ತಯಾರಿಸುವುದೂ ಬೇಡ, ಕೊಡುವುದೂ ಬೇಡ, ಕುಡಿಯುವುದೂ ಬೇಡ ಎಂದರು. ಕುಲಕಸುಬಿನ ಹೆಸರಿನಲ್ಲೇ ಅಸ್ಪೃಶ್ಯತೆ ಉಂಡ ಸಮುದಾಯಕ್ಕೆ ಇದು ಮರದಿಂದ ಇಳಿದು ಶಾಲೆಗೆ ನಡೆಯಿರಿ ಎಂಬ ಕರೆಯೂ ಆಗಿತ್ತು. ಸ್ವಾತಂತ್ರ್ಯ ಚಳವಳಿಯಲ್ಲಿ ಕಳ್ಳಂಗಡಿಗಳ ಮುಂದೆ ಪಿಕೆಟಿಂಗ್ ನಡೆಯಿತು. ಒಳನಾಡಿನಲ್ಲಿ ಈಚಲು ಮರಗಳನ್ನೇ ಕಡಿದರು. 1939ರ ತುರುವನೂರು ಸತ್ಯಾಗ್ರಹದಲ್ಲಿ ಎಸ್. ನಿಜಲಿಂಗಪ್ಪನವರು ಜೈಲು ಸೇರಿದರು.

1937ರಲ್ಲಿ ಸೇಲಂ ಜಿಲ್ಲೆಯಿಂದ ರಾಜಾಜಿ ಆರಂಭಿಸಿದ ಪಾನನಿರೋಧ, ಯುದ್ಧಕಾಲದಲ್ಲಿ ನಿಂತು, 1948ರ ಅಕ್ಟೋಬರ್ ಹೊತ್ತಿಗೆ ಮದ್ರಾಸ್ ಪ್ರಾಂತ್ಯವನ್ನು ಪೂರ್ತಿ ಆವರಿಸಿತು. ತೆಂಕಲ್ಲಿ ಫ್ರೆಂಚರ ಮಾಹೆ, ಬಡಗಲ್ಲಿ ಪೋರ್ಚುಗೀಸರ ಗೋವಾ, ನಡುವೆ ಒಣಗಿದ ದಕ್ಷಿಣ ಕನ್ನಡ. 1956ರಲ್ಲಿ ಜಿಲ್ಲೆ ಮೈಸೂರಿಗೆ, ಕಾಸರಗೋಡು ಕೇರಳಕ್ಕೆ ಹೋಯಿತು. ಎರಡೂ ರಾಜ್ಯಗಳು 1967ರಲ್ಲಿ ನಿರ್ಬಂಧ ತೆಗೆದವು. ಮೈಸೂರಿನಲ್ಲಿ ಆಗ ಮುಖ್ಯಮಂತ್ರಿ, ತುರುವನೂರಿನ ಅದೇ ನಿಜಲಿಂಗಪ್ಪನವರು. ಖಜಾನೆಯ ಒತ್ತಡ ಎಂಥದ್ದೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಸಂಗತಿ ನನಗೆ ಬೇರೆ ತೋರದು.

ಮುಂದಿನ ದಾರಿ ಗಡಿಯ ಆಚೆ ಈಚೆ ಬೇರೆಯಾಯಿತು. ಕೇರಳ 1969ರಲ್ಲೇ ಕಳ್ಳಿನ ಕಾರ್ಮಿಕರಿಗೆ ಕಲ್ಯಾಣ ನಿಧಿಯ ಕಾಯ್ದೆ ಮಾಡಿತು, 1996ರಲ್ಲಿ ಸಾರಾಯಿ ನಿಷೇಧಿಸಿಯೂ ಕಳ್ಳನ್ನು ಉಳಿಸಿಕೊಂಡಿತು. ಇಂದು ಅಲ್ಲಿನ ಕಳ್ಳು ಷಾಪುಗಳ ಮೀನು, ಮರಗೆಣಸು ಉಣ್ಣಲು ಪ್ರವಾಸಿಗರು ಹುಡುಕಿಕೊಂಡು ಹೋಗುತ್ತಾರೆ. ಈಚೆ ಸಾರಾಯಿಯೇ ಅರಸನಾಯಿತು. ಪ್ಯಾಕೆಟ್ಟಿನಲ್ಲಿ ಬರುವ ಸಾರಾಯಿಗೆ ಮರ ಬೇಡ, ಊರು ಬೇಡ, ಕೂತು ಕುಡಿಯುವಷ್ಟು ಹೊತ್ತೂ ಬೇಡ. ಗಡಂಗು ನಿಂತು ಕುಡಿದು ಹೋಗುವ ಜಾಗವಾಯಿತು. ಎಷ್ಟೋ ಮನೆಗಳ ದಿನಗೂಲಿ ಅಲ್ಲೇ ಕರಗಿತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗ ಹೆಂಗಸರು ನಿಟ್ಟುಸಿರು ಬಿಟ್ಟದ್ದು ಸುಳ್ಳಲ್ಲ. ಒಳನಾಡಿನಲ್ಲಿ ಶೇಂದಿಗೂ, ಅಂದರೆ ಈಚಲಿನ ಕಳ್ಳಿಗೂ, ನಿಷೇಧ ಬಂತು. ಕರಾವಳಿಯಲ್ಲಿ ಮಾತ್ರ ಮೂರ್ತೆದಾರರ ಸಹಕಾರಿ ಸಂಘಗಳ ಆಸರೆಯಲ್ಲಿ ಕಳ್ಳು ಜೀವ ಹಿಡಿದುಕೊಂಡಿದೆ.

ಈಗ ಕುಡಿಯುವ ಮನೆ ಎಂದರೆ ಬಾರ್ ಆ್ಯಂಡ್ ರೆಸ್ಟೋರೆಂಟ್. 1968ರ ಅಬಕಾರಿ ನಿಯಮಗಳು ಕೊಟ್ಟ ಸಿಎಲ್-7, ಸಿಎಲ್-9 ಎಂಬ ಸನ್ನದುಗಳೇ ಅದರ ಕುಲಗೋತ್ರ. ಮರದ ಹತ್ತಿರ ಇರಬೇಕಿದ್ದ ಅಂಗಡಿ ಲಾರಿ ಬರುವ ರಸ್ತೆಯ ಹತ್ತಿರಕ್ಕೆ ಬಂತು. ಹೆದ್ದಾರಿಯ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಆದೇಶಿಸಿದಾಗ ಈ ಸ್ಥಳಾಂತರ ಎಷ್ಟು ಪೂರ್ತಿಯಾಗಿತ್ತು ಎಂಬುದು ಬಯಲಾಯಿತು. ರಾಷ್ಟ್ರೀಯ ಹೆದ್ದಾರಿ 169 ಕುಲಶೇಖರದ ನಡುವೆಯೇ ಹಾಯುತ್ತದೆ. ನಗರ ವ್ಯಾಪ್ತಿಗೆ ಈ ನಿರ್ಬಂಧ ಅಡ್ಡಿಯಾಗದೆಂದು ಕೋರ್ಟು ಸ್ಪಷ್ಟಪಡಿಸಿದ್ದು 2017ರ ಜುಲೈಯಲ್ಲಿ. ಬಾರಿನ ಜೊತೆಗೆ ಪಬ್ಬಿನ ಅಲೆಯೂ ಬಂತು, ಅದು ಬೆಂಗಳೂರಿನ ಕಡೆಯಿಂದ. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದರೊಳಗೆ ನುಗ್ಗಿ ಯುವತಿಯರನ್ನು ಥಳಿಸಿದವರು ಸಂಸ್ಕೃತಿಯ ಹೆಸರು ಹೇಳಿದರು. ಮೈರಕ್ಕ ಬೈದೆತಿಯ ಮನೆಯಲ್ಲಿ ಬೆಳೆದ ದೈವಕ್ಕೆ ಕೈಮುಗಿಯುವ ನೆಲದಲ್ಲಿ ಈ ಮಾತು ನಿಲ್ಲುವುದಿಲ್ಲ. ಆರೋಪಿಗಳು 2018ರಲ್ಲಿ ಖುಲಾಸೆಯಾದರು.

ನಗರದ ತೆಂಗಿನ ಹಿತ್ತಿಲುಗಳು ಫ್ಲಾಟುಗಳಾಗುತ್ತಿವೆ, ಸಾನ್ನಾಂ ಹಿಟ್ಟಿಗೆ ಅಂಗಡಿಯ ಈಸ್ಟ್ ಬೀಳುತ್ತಿದೆ, ಮರ ಹತ್ತುವ ಮಕ್ಕಳಿಲ್ಲ. ಕುಡಿತವನ್ನು ಹೊಗಳಬೇಕೆಂದು ನಾನು ಹೇಳುತ್ತಿಲ್ಲ. ಹರಾಜಿನ ಪಟ್ಟಿಗಳನ್ನು ಹುಡುಕಿ ಓದುವುದು, ವಯಸ್ಸಾದ ಮೂರ್ತೆದಾರರ ಮಾತನ್ನು ಧ್ವನಿಮುದ್ರಿಸುವುದು ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳಿಗೆ ಆಗದ ಕೆಲಸವಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ಮೂರ್ತೆಯ ಹಳೆಯ ಕತ್ತಿಯೋ ಮರದ ತೆರಿಗೆಯ ರಸೀದಿಯೋ ಇದ್ದರೆ ಗುಜರಿಗೆ ಹಾಕಬೇಡಿ. ತುಳುನಾಡಿನ ಬದುಕಿನ ವಸ್ತುಗಳನ್ನು ಕಾಪಿಡುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಬಂಟ್ವಾಳದ ಸಂಚಯಗಿರಿಯಲ್ಲಿದೆ, ಅಲ್ಲಿಗೆ ತಲುಪಿಸಿ.